ಹಿತ್ತಲಿಗೆ ಯಾವ ಕೋಳಿ, ಎಂಥ ಗೂಡು?

ಜಾತ್ರೆ, ಸಂತೆಗಳಲ್ಲಿ ಬುಟ್ಟಿಯ ತುಂಬ ಗುಲಾಬಿ, ಹಸಿರು, ನೇರಳೆ ಬಣ್ಣದ ಕೋಳಿಮರಿಗಳನ್ನು ಮಾರುವವರನ್ನು ನೀವು ನೋಡಿರಬಹುದು. ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಹಠ ಹಿಡಿದು ಎರಡು ಮರಿ ಕೊಡಿಸಿಕೊಂಡು, ರಟ್ಟಿನ ಡಬ್ಬಿಯಲ್ಲಿಟ್ಟು ಮನೆಗೆ ತರುತ್ತಾರೆ. ಮೂರನೆಯ ದಿನ ಒಂದು ಸಾಯುತ್ತದೆ, ಐದನೆಯ ದಿನ ಇನ್ನೊಂದು. ಮಗು ಅಳುತ್ತದೆ. ‘ಕೋಳಿ ಸಾಕುವುದು ನಮ್ಮ ಮನೆಗೆ ಆಗಿಬರುವುದಿಲ್ಲ’ ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ.

ಆ ಮರಿಗಳು ಬಹುಮಟ್ಟಿಗೆ ಎಲ್ಲಿಂದ ಬಂದವು ಗೊತ್ತೇ? ಮೊಟ್ಟೆಕೋಳಿಗಳ ಹ್ಯಾಚರಿಯಲ್ಲಿ ಮರಿ ಹೊರಬಿದ್ದ ದಿನವೇ ಹೆಣ್ಣು ಗಂಡು ಬೇರ್ಪಡಿಸುತ್ತಾರೆ. ಗಂಡು ಮೊಟ್ಟೆ ಇಡುವುದಿಲ್ಲ. ಆ ತಳಿಯಲ್ಲಿ ಅದು ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಹೀಗೆ ಬೇಡವಾದ ಗಂಡುಮರಿಗಳೇ ಬಣ್ಣದಲ್ಲಿ ಮಿಂದು ಸಂತೆಗೆ ಬರುತ್ತವೆ. ಬದುಕಿ ಉಳಿದಿದ್ದರೂ ಅವುಗಳಿಂದ ಒಂದು ಮೊಟ್ಟೆಯೂ ಸಿಗುತ್ತಿರಲಿಲ್ಲ!

ಹಾಗೆಂದು ಮಗುವಿನ ಆಸೆಯನ್ನು ಅಲ್ಲಿಗೇ ಚಿವುಟಬೇಕಾಗಿಲ್ಲ. ಹಿತ್ತಲಿನಲ್ಲಿ ಸ್ವಲ್ಪ ಜಾಗವಿದ್ದು, ತಳಿ ಮತ್ತು ಗೂಡನ್ನು ಮೊದಲೇ ಯೋಚಿಸಿದರೆ ಶಾಲೆಗೆ ಹೋಗುವ ಮಕ್ಕಳು ಎಂಟು ಹತ್ತು ಕೋಳಿಗಳನ್ನು ಚೆನ್ನಾಗಿಯೇ ಸಾಕಬಲ್ಲರು. ಮೊದಲ ಸಲಕ್ಕೆ ಅದಕ್ಕಿಂತ ಹೆಚ್ಚು ಬೇಡ. ಬೆಳೆದ ಕೋಳಿಯೊಂದಕ್ಕೆ ದಿನಕ್ಕೆ ಸುಮಾರು 100ರಿಂದ 120 ಗ್ರಾಂ ಆಹಾರ ಬೇಕು. ಹತ್ತು ಕೋಳಿಗೆ ತಿಂಗಳಿಗೆ ಎಷ್ಟಾಯಿತೆಂದು ಮಗುವಿನ ಕೈಯಲ್ಲೇ ಲೆಕ್ಕ ಹಾಕಿಸಿ. ಹುಳು, ಗೆದ್ದಲು, ಸೊಪ್ಪು, ಚೆಲ್ಲಿದ ಕಾಳು ಹಿತ್ತಲಿನಲ್ಲಿ ಸಿಕ್ಕಷ್ಟೂ ಆ ಲೆಕ್ಕ ಇಳಿಯುತ್ತದೆ.

ತಳಿಯ ಮಾತು

ದಕ್ಷಿಣದಲ್ಲಿ ನಾಟಿ, ಉತ್ತರದಲ್ಲಿ ಜವಾರಿ, ಕರಾವಳಿಯಲ್ಲಿ ಊರಕೋಳಿ ಎನಿಸಿಕೊಳ್ಳುವ ನಮ್ಮ ಕೋಳಿ ಗಟ್ಟಿ ಜೀವ. ತನ್ನ ಹೊಟ್ಟೆ ತಾನೇ ಹೊರೆಯುತ್ತದೆ, ಹದ್ದಿನ ನೆರಳು ಕಂಡರೆ ಮರಿಗಳನ್ನು ರೆಕ್ಕೆಯಡಿ ಕರೆಯುತ್ತದೆ. ಆದರೆ ವರ್ಷಕ್ಕೆ ಇಡುವುದು ಐವತ್ತು ಅರವತ್ತು ಮೊಟ್ಟೆ. ಹತ್ತು ಹದಿನೈದು ಇಟ್ಟು ಕಾವಿಗೆ ಕೂತಿತೆಂದರೆ ಮೊಟ್ಟೆ ನಿಂತಿತು. ಕಾವಿಗೆ ಇಪ್ಪತ್ತೊಂದು ದಿನ, ಆಮೇಲೆ ಮರಿಗಳ ಪಾಲನೆ ಎಂದು ತಿಂಗಳುಗಟ್ಟಲೆ ಕಳೆಯುತ್ತದೆ.

ಫಾರಂಗಳ ಬಿಳಿ ಕೋಳಿ ಲೆಗ್‌ಹಾರ್ನ್ ವಂಶದ್ದು. ಮೂಲ ಇಟಲಿ. ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಡುತ್ತದೆ, ನಿಜ. ಆದರೆ ಅದಕ್ಕೆ ದಿನವೂ ಅಳೆದು ತೂಗಿದ ಆಹಾರ ಬೇಕು. ಸಣ್ಣ ಸದ್ದಿಗೂ ಬೆಚ್ಚುತ್ತದೆ. ಬಯಲಿನಲ್ಲಿ ಬಿಟ್ಟರೆ ಆ ಬಿಳುಪು ಹದ್ದಿಗೆ ದೂರದಿಂದಲೇ ಕಾಣುತ್ತದೆ. ಹಿತ್ತಲಿಗೆ ಅದು ತಕ್ಕದ್ದಲ್ಲವೆಂದೇ ನನ್ನ ಅಭಿಪ್ರಾಯ.

ಇವೆರಡರ ನಡುವಿನ ದಾರಿಯೇ ಗಿರಿರಾಜ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹೆಬ್ಬಾಳದಲ್ಲಿ ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದ ಈ ಬಣ್ಣದ ಕೋಳಿ ಮಾಂಸಕ್ಕೂ ಸೈ, ಮೊಟ್ಟೆಗೂ ಸೈ. ವರ್ಷಕ್ಕೆ 130ರಿಂದ 150 ಮೊಟ್ಟೆ. 2005ರಲ್ಲಿ ಬಂದ ಸ್ವರ್ಣಧಾರಾ ಮೈಯಲ್ಲಿ ಇನ್ನಷ್ಟು ಹಗುರ, ಮೊಟ್ಟೆ ಸುಮಾರು 180. ಹಗುರವಾದ್ದರಿಂದ ಬೆಕ್ಕು, ನರಿ ಬೆನ್ನಟ್ಟಿದರೆ ಓಡಿ ತಪ್ಪಿಸಿಕೊಳ್ಳಬಲ್ಲದು. ಹೈದರಾಬಾದಿನ ಕೋಳಿ ಸಂಶೋಧನಾ ಸಂಸ್ಥೆಯ ವನರಾಜ, ಗ್ರಾಮಪ್ರಿಯ ತಳಿಗಳೂ ಇದೇ ಬಗೆಯವು. ಮನೆಗೆ ಮೊಟ್ಟೆ ಮುಖ್ಯವೆಂದರೆ ಸ್ವರ್ಣಧಾರಾ ಅಥವಾ ಗ್ರಾಮಪ್ರಿಯ, ಮಾಂಸವೂ ಬೇಕೆಂದರೆ ಗಿರಿರಾಜ ಅಥವಾ ವನರಾಜ ಎಂದು ಇಟ್ಟುಕೊಳ್ಳಬಹುದು. ಮಧ್ಯಪ್ರದೇಶದ ಝಾಬುವಾ ಕಡೆಯ ಕಪ್ಪು ಕಡಕ್‌ನಾಥ್‌ಗೆ ಈಗ ಬಹಳ ಹೆಸರಿದೆ, ಬೆಲೆಯೂ ಇದೆ, ಮೊಟ್ಟೆ ಮಾತ್ರ ಕಡಿಮೆ. ಅಸೀಲ್ ಹುಟ್ಟಾ ಜಗಳಗಂಟ. ಎರಡೂ ಕಲಿಯುವವರಿಗಲ್ಲ.

‘ಗಿರಿರಾಜದ ಮೊಟ್ಟೆಯನ್ನೇ ಕಾವಿಗಿಟ್ಟು ಮರಿ ಮಾಡಿಕೊಳ್ಳಬಾರದೇಕೆ ಸಾರ್?’ ಎಂದು ಮಕ್ಕಳು ಕೇಳುತ್ತಾರೆ. ಮರಿಯೇನೋ ಬರುತ್ತದೆ. ಆದರೆ ಗಿರಿರಾಜ ಬೇರೆ ಬೇರೆ ವಂಶಗಳ ಸಂಕರ. ಮುಂದಿನ ಪೀಳಿಗೆಯಲ್ಲಿ ಗುಣಗಳು ಚೆದುರಿ ಒಂದು ಮರಿ ಒಂದು ತೆರನಾಗುತ್ತದೆ. ಮೊಟ್ಟೆ, ತೂಕ ಎರಡೂ ಇಳಿಯುತ್ತವೆ. ಹತ್ತನೆಯ ತರಗತಿಯವರು ಮೆಂಡೆಲನ ಬಟಾಣಿ ಗಿಡಗಳ ಎರಡನೆಯ ಪೀಳಿಗೆಯನ್ನು ನೆನಪಿಸಿಕೊಳ್ಳಲಿ. ಆ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಂದು 1902ರಲ್ಲಿ ಇಂಗ್ಲೆಂಡಿನ ವಿಲಿಯಂ ಬೇಟ್ಸನ್ ತೋರಿಸಿಕೊಟ್ಟದ್ದು ಕೋಳಿಯ ತಲೆಯ ಮೇಲಿನ ಕೆಂಪು ಜುಟ್ಟಿನ ಆಕಾರವನ್ನು ಹಿಡಿದೇ! ಇನ್ನೊಂದು ಸ್ವಾರಸ್ಯ: ಊರಕೋಳಿಗಳ ಮೂಲ ಕೆಂಪು ಕಾಡುಕೋಳಿ ಎಂಬುದು ನಿಜವಾದರೂ, ಅನೇಕ ಕೋಳಿಗಳ ಹಳದಿ ಚರ್ಮ ಮತ್ತು ಕಾಲಿನ ಗುಣ ನಮ್ಮ ಪಶ್ಚಿಮ ಘಟ್ಟದಲ್ಲೂ ಇರುವ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಗೊತ್ತಾಯಿತು.

ಸುಧಾರಿತ ತಳಿಗಳು ಕಾವಿಗೆ ಕೂರುವುದು ಅಪರೂಪ. ತಾಯಿಕೋಳಿ ಮರಿ ಮಾಡುವುದನ್ನು ಮಕ್ಕಳು ನೋಡಬೇಕೆಂದರೆ ಗುಂಪಿನಲ್ಲಿ ಒಂದೆರಡು ನಾಟಿ ಹೇಂಟೆ ಇರಲಿ.

ಹುಂಜಗಳ ಪ್ರಶ್ನೆ

ಇದನ್ನು ಮರಿ ತರುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಬೇಕು. ಹೆಣ್ಣು ಗಂಡು ಬೇರ್ಪಡಿಸದೆ ಕೊಡುವ ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ. ಮೊಟ್ಟೆ ಇಡಲು ಹೇಂಟೆಗೆ ಹುಂಜದ ಅಗತ್ಯವಿಲ್ಲ. ಮರಿ ಬೇಕಾದರೂ ಎಂಟು ಹತ್ತು ಹೇಂಟೆಗೆ ಒಂದು ಸಾಕು. ಉಳಿದವು ದೊಡ್ಡವಾಗುತ್ತಲೇ ಕಾದಾಡುತ್ತವೆ. ಅವುಗಳನ್ನು ಮಾರುವುದೇ, ಅಡುಗೆಗೆ ಬಳಸುವುದೇ?

ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗನೊಬ್ಬ ಹುಂಜಕ್ಕೆ ಹೆಸರಿಟ್ಟು ಸಾಕಿದ್ದ. ಊರಹಬ್ಬಕ್ಕೆ ನೆಂಟರು ಬಂದರು, ಹುಂಜ ಸಾರಿಗೆ ಹೋಯಿತು. ಹುಡುಗ ಮೂರು ದಿನ ಶಾಲೆಗೆ ಬರಲಿಲ್ಲ. ತಂದೆಯೇ ಬಂದು, ‘ಮಗ ನನ್ನ ಹತ್ತಿರ ಮಾತೇ ಆಡುತ್ತಿಲ್ಲ ಮೇಷ್ಟ್ರೇ’ ಎಂದರು. ಹಬ್ಬಕ್ಕೆ ಕೋಳಿ ಕೊಯ್ಯುವುದು ಆ ಮನೆಗೆ ಹೊಸದೇನೂ ಅಲ್ಲ, ಹುಡುಗನಿಗೂ ಅದು ಗೊತ್ತು. ಈ ಹುಂಜದ ಬಗ್ಗೆ ಅವನನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ಮಾಂಸ ತಿನ್ನದ ಮನೆಯವರೂ ಹುಂಜಗಳನ್ನು ಯಾರಿಗೆ ಕೊಡುವುದೆಂದು ಮೊದಲೇ ನಿರ್ಧರಿಸಿಕೊಳ್ಳುವುದು ಒಳ್ಳೆಯದು.

ಗೂಡು

ಹಗಲೆಲ್ಲ ಹೊರಗೆ ಮೇಯುವ ಕೋಳಿಗೆ ಗೂಡು ರಾತ್ರಿಯ ಆಸರೆ. ತಲೆಗೆ ಒಂದೂವರೆ ಚದರಡಿ ಜಾಗ ಸಾಕು; ಹತ್ತು ಕೋಳಿಗೆ ನಾಲ್ಕಡಿ ಅಗಲ, ನಾಲ್ಕಡಿ ಉದ್ದ. ದೊಡ್ಡದು ಕಟ್ಟುವುದಾದರೆ ಉದ್ದನೆಯ ಬದಿ ಪೂರ್ವ ಪಶ್ಚಿಮವಾಗಿ ಇರಲಿ. ಬೆಳಗಿನ, ಸಂಜೆಯ ಓರೆ ಬಿಸಿಲು ಆಗ ಗಿಡ್ಡ ಗೋಡೆಗೆ ಮಾತ್ರ ತಾಗುತ್ತದೆ. ಕೋಳಿಗೆ ಬೆವರುವುದು ಗೊತ್ತಿಲ್ಲ, ಕೊಕ್ಕು ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಹೆಂಚು ಅಥವಾ ಗರಿಯ ಮಾಡು ಉತ್ತಮ. ತಗಡು ಹೊದಿಸಿದರೆ ಮೇಲೆ ತೆಂಗಿನ ಗರಿ ಹಾಕಿ. ಮಲೆನಾಡು, ಕರಾವಳಿಯಲ್ಲಿ ಮಾಡು ಎರಡಡಿಯಾದರೂ ಮುಂದೆ ಚಾಚಿರಲಿ, ಇಲ್ಲವಾದರೆ ಎರಚಲು ಒಳಗೆ ಬರುತ್ತದೆ.

ಒದ್ದೆಯೇ ದೊಡ್ಡ ಶತ್ರು. ಹಿಕ್ಕೆಯಲ್ಲಿ ಕಾಣುವ ಬಿಳಿ ಭಾಗ ಯೂರಿಕ್ ಆಮ್ಲ. ಅದು ನೆನೆದರೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಹೊರಡುತ್ತದೆ. ಕೋಳಿಯ ಕಣ್ಣು, ಶ್ವಾಸನಾಳ ಕೆಡುತ್ತವೆ. ಗೂಡಿಗೆ ಬಗ್ಗಿದಾಗ ನಿಮ್ಮ ಕಣ್ಣು ಉರಿದರೆ ಕೋಳಿಗೆ ರಾತ್ರಿಯಿಡೀ ಹಾಗೇ ಉರಿದಿದೆ ಎಂದು ತಿಳಿಯಿರಿ. ಆದ್ದರಿಂದ ನೆಲ ಒಂದೂವರೆ ಎರಡಡಿ ಎತ್ತರದಲ್ಲಿರಲಿ, ಮೇಲೆ ಎರಡು ಮೂರು ಅಂಗುಲ ಭತ್ತದ ಹೊಟ್ಟು ಹರಡಿ, ಮಾಡಿನ ಕೆಳಗೆ ಗಾಳಿ ಆಡಲು ಸುತ್ತ ಕಿಂಡಿ ಬಿಡಿ. ಕಿಂಡಿಗೆ ತೆಳು ಕೋಳಿಬಲೆ ಸಾಲದು. ಅದು ಕೋಳಿಯನ್ನು ಒಳಗೆ ತಡೆಯುತ್ತದೆ, ನಾಯಿಯನ್ನು ಹೊರಗೆ ತಡೆಯುವುದಿಲ್ಲ. ಅರ್ಧ ಅಂಗುಲ ಕಣ್ಣಿನ ಬೆಸುಗೆಯ ಜಾಲರಿ ಹಾಕಿದರೆ ಮುಂಗುಸಿ, ಹೆಗ್ಗಣಗಳೂ ನುಗ್ಗಲಾರವು. ಕೂರಲು ಎರಡು ಅಂಗುಲ ದಪ್ಪದ, ಅಂಚು ಸವರಿದ ಅಡ್ಡಕೋಲು. ಐದು ಹೇಂಟೆಗೆ ಒಂದು ಮೊಟ್ಟೆಯ ಪೆಟ್ಟಿಗೆ. ಮರದ ಸಂದುಗಳಲ್ಲಿ ಹಗಲು ಅಡಗಿ ರಾತ್ರಿ ರಕ್ತ ಹೀರುವ ಕೋಳಿಹೇನಿಗೆ ಆಗಾಗ ಸುಣ್ಣ ಬಳಿಯಬೇಕು.

ಮರಿ ತರುವಾಗ

ಒಂದು ದಿನದ ಮರಿಗೆ ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಕಾವು ಬೇಕು, ಆಮೇಲೆ ವಾರಕ್ಕೆ ಐದು ಡಿಗ್ರಿ ಇಳಿಸಬೇಕು. ಈಗಿನ ಎಲ್‌ಇಡಿ ದೀಪ ಬೆಳಕು ಕೊಡುತ್ತದೆಯೇ ಹೊರತು ಕಾವು ಕೊಡುವುದಿಲ್ಲ. ಹಳೆಯ ತಂತಿ ಬಲ್ಬೇ ಬೇಕು. ಕೊಕ್ಕರೆ ರೋಗದ ಮೊದಲ ಲಸಿಕೆ ಐದರಿಂದ ಏಳನೆಯ ದಿನದೊಳಗೆ, ಹನಿಯ ರೂಪದಲ್ಲಿ. ಲಸಿಕೆಯ ಸೀಸೆ ಬರುವುದೇ ನೂರಾರು ಕೋಳಿಗೆ ಆಗುವಷ್ಟು; ಒಮ್ಮೆ ಬೆರೆಸಿದ್ದನ್ನು ಇಟ್ಟುಕೊಳ್ಳುವಂತಿಲ್ಲ. ಹತ್ತು ಮರಿಯವರು ನೆರೆಹೊರೆಯವರನ್ನು ಸೇರಿಸಿಕೊಂಡು ಒಂದೇ ದಿನ ಹಾಕಿಸಬೇಕು. ಇಷ್ಟೆಲ್ಲ ತಾಪತ್ರಯ ಬೇಡವೆನ್ನುವವರು ಲಸಿಕೆ ಹಾಕಿದ ಒಂದೂವರೆ ತಿಂಗಳ ಮರಿಗಳನ್ನೇ ಕೊಳ್ಳಲಿ. ಬೆಲೆ ಹೆಚ್ಚು, ಮೊದಲ ಸಲದವರಿಗೆ ನಾನು ಹೇಳುವುದು ಇದನ್ನೇ. ಗಿರಿರಾಜ, ಸ್ವರ್ಣಧಾರಾಗಳಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೋ ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲೋ ಮುಂಚಿತವಾಗಿ ವಿಚಾರಿಸಿ. ತಂದ ಮೇಲೆ ಒಂದು ವಾರ ಗೂಡಿನಲ್ಲೇ ಇಟ್ಟು ಆಮೇಲೆ ಹೊರಗೆ ಬಿಟ್ಟರೆ ಸಂಜೆ ತಾವಾಗಿಯೇ ಒಳಗೆ ಬರುತ್ತವೆ. ಬಾಗಿಲು ಹಾಕುವ ಕೆಲಸ ಮಗುವಿನದಾಗಿರಲಿ, ಹಾಕಿ ಬಂದು ಸೋಪಿನಲ್ಲಿ ಕೈ ತೊಳೆಯುವುದೂ ಸಹ.