ಹಳೆಯ ಡೀಸೆಲ್ ಜೀಪು: ಎಳೆಯುತ್ತದೆ, ನಿಲ್ಲುತ್ತದೆಯೇ?

ಕಳೆದ ತಿಂಗಳು ಗೊಬ್ಬರದ ಲೆಕ್ಕ ನೋಡಲು ಸಂಘದ ಕಚೇರಿಗೆ ಬಂದಿದ್ದ ಸದಸ್ಯರೊಬ್ಬರು ಹೊರಡುವಾಗ, "ರಾಯರೇ, ಒಂದು ಹಳೇ ಜೀಪು ಸಿಕ್ಕಿದೆ. ತಗೊಳ್ಲಾ ಬೇಡ್ವಾ, ನೀವೇ ಹೇಳಿ" ಎಂದರು. ಅವರಿಗಿರುವುದು ಮೂರು ಎಕರೆ ಕಾಫಿ, ಒಂದೂವರೆ ಎಕರೆ ಅಡಿಕೆ. ತೋಟದಿಂದ ಡಾಂಬರು ರಸ್ತೆಗೆ ಎರಡು ಕಿಲೋಮೀಟರು ಮಣ್ಣಿನ ಏರು. ಮಳೆ ಬಿದ್ದ ಮರುದಿನ ಬಾಡಿಗೆ ಪಿಕಪ್ಪಿನವರು ಇಳಿದು ಬರುವುದಿಲ್ಲ. ಕೊಯ್ಲಿನಲ್ಲಂತೂ ಕೇಳಿದ ದಿನ ಸಿಗುವುದಿಲ್ಲ. ಜೀಪಿಗೊಂದು ಟ್ರೇಲರು ಕಟ್ಟಿಕೊಂಡರೆ ಯಾರ ಹಂಗೂ ಬೇಡವೆಂಬುದು ಅವರ ಎಣಿಕೆ. ಹಣಕ್ಕೆ ಮನೆಯವರ ಬಳೆ ಅಡವಿಡುವ ಮಾತೂ ಬಂತು. ಹಾಗಾಗಿ ಬಾಯಿಮಾತಿನ ಉತ್ತರ ಕೊಡದೆ ಜೊತೆಗೆ ಹೋಗಿ ನೋಡಿದೆವು.

ವಾಹನ 1996ರ ಮಹೀಂದ್ರ ಎಂ.ಎಂ. 540. ಪ್ಯೂಜೋ ಮೂಲದ 2112 ಸಿ.ಸಿ. ಡೀಸೆಲ್ ಎಂಜಿನ್, ನಾಲ್ಕು ಚಕ್ರಕ್ಕೂ ಎಳೆತ, ಲೋ ಗೇರ್. ನಾವು ಬರುವ ಮೊದಲು ಚಾಲೂ ಮಾಡಬೇಡಿ ಎಂದು ಮಾಲೀಕರಿಗೆ ಹೇಳಿದ್ದೆವು. ಬಾನೆಟ್ಟಿನ ಮೇಲೆ ಕೈಯಿಟ್ಟರೆ ತಣ್ಣಗಿತ್ತು. ಬಿಸಿಯಾದ ಡೀಸೆಲ್ ಎಂಜಿನ್ ತನ್ನ ಕಾಯಿಲೆ ಹೇಳುವುದಿಲ್ಲ. ಹೀಟರ್ ಕಾಯಿಸಿದ ಮೇಲೆ ಎರಡನೇ ಸೆಲ್ಫಿಗೆ ಹಿಡಿಯಿತು. ಬಿಳಿ ಹೊಗೆ ಬಂದು ಸ್ವಲ್ಪ ಹೊತ್ತಿಗೆ ತಿಳಿಯಾಯಿತು. ನಿಲ್ಲದೆ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಸಿದೆವು. ರಿಂಗು, ಬೋರು ಸವೆದಿದ್ದರೆ ಅಲ್ಲಿಂದ ಹೊಗೆ ಉಗುಳುತ್ತದೆ, ಇದು ಉಗುಳಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟಾಗ ಎಂಜಿನ್ ಅಲ್ಲೇ ನಿಂತಿತು. ನಿಲ್ಲದೆ ಗುರುಗುಟ್ಟುತ್ತಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ, ಭಾರ ಎಳೆಯದು.

ಸದಸ್ಯರ ಮುಖ ಅರಳಿತು. ನಮ್ಮದು ಅರಳಲಿಲ್ಲ.

ಹಿಂದೊಮ್ಮೆ ನಾವೂ ಇಂಥದೇ ಜೀಪಿಗೆ ಬ್ರೇಕಿಲ್ಲದ ಟ್ರೇಲರು ಕಟ್ಟಿ 20 ಚೀಲ ಕಾಫಿ ಹೇರಿದ್ದೆವು. ಚೀಲಕ್ಕೆ 50 ಕಿಲೋ, ಒಟ್ಟು ಒಂದು ಟನ್ನು; ಟ್ರೇಲರಿನ ತೂಕ ಸೇರಿದರೆ ಹೆಚ್ಚುಕಡಿಮೆ ಜೀಪಿನಷ್ಟೇ ಭಾರ. ಏರನ್ನು ಸಲೀಸಾಗಿ ಹತ್ತಿತು. ಆಚೆಯ ಇಳಿಜಾರಿನಲ್ಲಿ ಬ್ರೇಕ್ ತುಳಿದೊಡನೆ ಟ್ರೇಲರು ಹಿಂದಿನಿಂದ ತಳ್ಳಿ ಜೀಪನ್ನೇ ಅಡ್ಡ ತಿರುಗಿಸಿತು. ಹಲಸಿನ ಮರವೊಂದು ತಡೆಯದಿದ್ದರೆ ಹಳ್ಳದಲ್ಲಿರುತ್ತಿದ್ದೆವು. ಚೀಲಗಳ ಮೇಲೆ ಕೂತಿದ್ದ ನಮ್ಮ ತೋಟದ ಕೆಲಸದವರೊಬ್ಬರು ಜಿಗಿದು ಕಾಲು ಮುರಿದುಕೊಂಡರು. ಚಳಿಗಾಲದಲ್ಲಿ ಈಗಲೂ ಕುಂಟುತ್ತಾರೆ. ತಪ್ಪು ಜೀಪಿನದಲ್ಲ, ನಮ್ಮದು. ಇಳಿಜಾರಿನ ತಲೆಯಲ್ಲೇ ಲೋ ಗೇರಿಗೆ ಹಾಕಬೇಕಿತ್ತು. ಅರ್ಧ ಭಾರ ಹೇರಬೇಕಿತ್ತು. ಟ್ರೇಲರಿನ ಮೇಲೆ ಮನುಷ್ಯರನ್ನು ಕೂರಿಸಲೇಬಾರದಿತ್ತು. ಈ ಸದಸ್ಯರ ತೋಟದಲ್ಲೂ ಕಾಫಿ ಏರಿ ಹೋಗುತ್ತದೆ ನಿಜ, ಆದರೆ ಗೊಬ್ಬರ ಇಳಿದೇ ಬರಬೇಕು.

ಆದ್ದರಿಂದ ಜೀಪಿನ ಅಡಿಗೆ ನುಸುಳಿದೆವು (ಐವತ್ತು ದಾಟಿದವರಿಗೆ ಸುಲಭದ ಕೆಲಸವಲ್ಲ). ಹುಕ್ಕು ಕೂರಿಸಿದ್ದ ಹಿಂದಿನ ಅಡ್ಡಪಟ್ಟಿಯಲ್ಲಿ ಬೆರಳುದ್ದ ಬಿರುಕು, ಅದರ ಮೇಲೆ ಹೊಸ ಬಣ್ಣ. ಹಿಂದಿನ ಒಂದು ಚಕ್ರದ ಒಳಬದಿ ಬ್ರೇಕ್ ಆಯಿಲ್ ಒಸರುತ್ತಿತ್ತು. ಇವು ರಿಪೇರಿಯಾಗುವಂಥವು.

ಕಾಗದಪತ್ರದ ಸಂಗತಿ ಹಾಗಲ್ಲ. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಿಸಬೇಕು. ಇದರದು 2021ರಲ್ಲೇ ಮುಗಿದಿದೆ. 20 ವರ್ಷ ದಾಟಿದ ಕಾರು, ಜೀಪುಗಳಿಗೆ 2025ರ ಆಗಸ್ಟ್‌ನಲ್ಲಿ ಈ ಶುಲ್ಕವನ್ನು 10,000 ರೂಪಾಯಿಗೆ ಏರಿಸಲಾಯಿತು. ತಡವಾದ ತಿಂಗಳುಗಳ ದಂಡ ಬೇರೆ. "ತೋಟದೊಳಗೆ ಓಡ್ಸೋಕೆ ಆರ್.ಸಿ. ಯಾಕೆ ಸ್ವಾಮಿ?" ಎಂದರು ಮಾರುವವರು. ಡಾಂಬರು ಮುಟ್ಟಿದ ಮೇಲೆ ಅದು ತೋಟವಲ್ಲ. ವಿಮೆಯಿಲ್ಲದೆ ಅಪಘಾತವಾದರೆ ಪರಿಹಾರದ ಹಣ ಮಾಲೀಕನ ಕೈಯಿಂದಲೇ ಹೋಗಬೇಕು. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕೆಂಬುದನ್ನು ನಮ್ಮಲ್ಲಿ ಬಹಳ ಮಂದಿ ಮರೆತಿದ್ದಾರೆ.

ಮರಳಿ ಬಂದು, ಬಾಡಿಗೆಗೆ ಎಷ್ಟು ಕೊಟ್ಟಿದ್ದೀರೆಂದು ಕೇಳಿದೆವು. ಲೆಕ್ಕದ ಪುಸ್ತಕ ಅವರ ಮನೆಯವರ ಬಳಿ ಇತ್ತು. ಮೂರು ವರ್ಷದ್ದು ಕೂಡಿದರೂ ಜೀಪಿನ ಅರ್ಧ ಬೆಲೆ ಬರಲಿಲ್ಲ. "ಪಿಕಪ್ ಬರ್ದೆ ಮಳೇಲಿ ನೆಂದು ಬೂಷ್ಟು ಹಿಡೀತಲ್ಲ, ಆ ಅಡಿಕೇನೂ ಸೇರ್ಸಿ" ಎಂದರು ಆಕೆ. ಸೇರಿಸಿದಾಗ ಲೆಕ್ಕ ಜೀಪಿನ ಕಡೆಗೇ ವಾಲಿತು.

ಮಾರುವವರೇ ತಮ್ಮ ಹೆಸರಿನಲ್ಲಿ ಆರ್.ಸಿ. ನವೀಕರಿಸಿ, ಬಿರುಕು ಮತ್ತು ಬ್ರೇಕು ಸರಿಮಾಡಿಸಿ ಕೊಟ್ಟರೆ ಕೊಳ್ಳಬಹುದು, ಅಲ್ಲಿಯವರೆಗೆ ಮುಂಗಡವೂ ಬೇಡ ಎಂದು ಹೇಳಿದ್ದೇವೆ. ಬರುವ ಸೋಮವಾರ ಉತ್ತರ ಕೊಡುವುದಾಗಿ ಅವರು ತಿಳಿಸಿದ್ದಾರೆ. ಬಳೆ ಸದ್ಯ ಕೈಯಲ್ಲೇ ಇದೆ.