ಗಂಟಲಲ್ಲಿ ಶುರು, ಮೊಣಕಾಲಲ್ಲಿ ಪತ್ತೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಜ್ವರ ಎಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ರೋಗಕ್ಕೆ ಹೆದರುವುದು ಸರಿಯೇ. ಆದರೆ ಜಡಿಮಳೆಯಲ್ಲಿ ಶಾಲೆಯಿಂದ ಬಂದ ಮಗು ಗಂಟಲು ನೋವು ಎಂದರೆ ಕಾಳುಮೆಣಸಿನ ಕಷಾಯ ಕುಡಿಸಿ ಮಲಗಿಸುತ್ತೇವೆ. ಹೆಚ್ಚಿನ ನೋವುಗಳು ವೈರಸ್ಸಿನವು, ತಾವಾಗಿಯೇ ಇಳಿಯುತ್ತವೆ. ಕೆಮ್ಮು, ನೆಗಡಿ ಇಲ್ಲದೆ ಜ್ವರ ಏರಿ, ದವಡೆಯ ಕೆಳಗೆ ಗಂಟು ನೋಯುತ್ತಿದ್ದರೆ ಮಾತ್ರ ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಮೇಲೆ ಅನುಮಾನ ಪಡಬೇಕು.

ಸೂಕ್ಷ್ಮದರ್ಶಕದಲ್ಲಿ ಮಣಿಸರದಂತೆ ಕಾಣುವ ಈ ಬ್ಯಾಕ್ಟೀರಿಯಾದ ಬಳಿ ವಿಷ ಒಂದೆರಡಲ್ಲ. ಸ್ಟ್ರೆಪ್ಟೊಲೈಸಿನ್ ಜೀವಕೋಶಗಳ ಪೊರೆಗೆ ತೂತು ಕೊರೆಯುತ್ತದೆ. ಲ್ಯಾಬಿನ ಎಎಸ್ಒ ಪರೀಕ್ಷೆ ಹುಡುಕುವುದು ಈ ವಿಷದ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು. ಇನ್ನೊಂದು ವಿಷದಿಂದ ಸ್ಕಾರ್ಲೆಟ್ ಜ್ವರ ಬರುತ್ತದೆ. 1920ರ ದಶಕದಲ್ಲಿ ಅಮೆರಿಕದ ಗ್ಲಾಡಿಸ್ ಮತ್ತು ಜಾರ್ಜ್ ಡಿಕ್ ದಂಪತಿ ಅದರ ಮೂಲವನ್ನು ತೋರಿಸಿಕೊಟ್ಟರು. ನಮ್ಮ ಮೈಬಣ್ಣದಲ್ಲಿ ಅದರ ಕೆಂಪು ಕಣ್ಣಿಗೆ ಬೀಳದೆ ಹೋಗಬಹುದು. ಮಗುವಿನ ಬೆನ್ನು ಸವರಿ ನೋಡಿ, ಮರಳು ಕಾಗದದಂತೆ ತರಿತರಿ ಹತ್ತುತ್ತದೆ.

ಉಂಬಳ ಕಚ್ಚಿದಲ್ಲಿ ಕೆರೆದ ಗಾಯ, ತೋಟದಲ್ಲಿ ಕತ್ತಿ ತಾಗಿದ ಕಾಲು, ಇವೂ ಈ ಬ್ಯಾಕ್ಟೀರಿಯಾಕ್ಕೆ ಬಾಗಿಲೇ. ಗಾಯ ಚಿಕ್ಕದಿದ್ದು ನೋವು ತಡೆಯಲಾರದಷ್ಟಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಕೆಲವು ವಿಷಗಳು ರಕ್ಷಣಾ ಕಣಗಳನ್ನು ಒಮ್ಮೆಲೇ ಕೆರಳಿಸುತ್ತವೆ. ರಕ್ತದೊತ್ತಡ ಕುಸಿದು, ಮೂತ್ರಪಿಂಡ ಸೋತು, ಗಂಟೆಗಳಲ್ಲೇ ಜೀವಕ್ಕೆ ಕುತ್ತು ಬರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಸದ್ದಿಲ್ಲದೆ ಬರುವ ಸಂಧಿವಾತ ಜ್ವರ. ಇಲ್ಲಿ ಹಾನಿ ಮಾಡುವುದು ವಿಷಕ್ಕಿಂತ ಹೆಚ್ಚಾಗಿ ನಮ್ಮದೇ ರಕ್ಷಣಾ ವ್ಯವಸ್ಥೆ. ಬ್ಯಾಕ್ಟೀರಿಯಾವನ್ನು ಹೋಲುವ ಅಂಶ ಕಂಡು ಅದು ಹೃದಯದ ಮೇಲೂ ಎರಗುತ್ತದೆ. ಗಂಟಲು ವಾಸಿಯಾಗಿ ಎರಡು ಮೂರು ವಾರ ಕಳೆದಿರುತ್ತದೆ. 5ರಿಂದ 15 ವರ್ಷದ ಮಗು ಇವತ್ತು ಮೊಣಕಾಲು, ನಾಳೆ ಹರಡು ಎಂದು ನರಳುತ್ತದೆ. ಆಡಿ ಬಿದ್ದಿರಬೇಕು ಎಂದುಕೊಳ್ಳುವಷ್ಟರಲ್ಲಿ ಹೃದಯದ ಕವಾಟ ಊದಿಕೊಂಡಿರುತ್ತದೆ.

ತಡೆಯುವ ದಾರಿ ಹಳೆಯದು, ಅಗ್ಗದ್ದು. ಈ ಬ್ಯಾಕ್ಟೀರಿಯಾ ಇವತ್ತಿಗೂ ಪೆನಿಸಿಲಿನ್‌ಗೆ ಬಗ್ಗುತ್ತದೆ. ಗಂಟಲು ನೋವು ಶುರುವಾಗಿ 9 ದಿನದೊಳಗೆ ಔಷಧಿ ಕೊಟ್ಟರೂ ಸಂಧಿವಾತ ಜ್ವರವನ್ನು ತಡೆಯಬಹುದು. ತಪ್ಪಿದರೆ 3–4 ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು, ವರ್ಷಾನುಗಟ್ಟಲೆ. ಹಳ್ಳ ಉಕ್ಕಿ ಕಾಲುಸಂಕ ಮುಳುಗಿದ ಆಷಾಢದಲ್ಲೂ ಆ ತಾರೀಕು ಬರುತ್ತದೆ.