ಕಟ್ಟುಪಾಡು ಮತ್ತು ಉಪಾಯ

ಪುಣೆ ಮತ್ತು ಹೈದರಾಬಾದುಗಳನ್ನು ಬೆಸೆಯುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಹುಮನಾಬಾದಿನ ಮೇಲೆ ಹಾದುಹೋಗುವುದರಿಂದ, ಬೀದರ ಜಿಲ್ಲೆಯ ನಿರ್ಣಾದಂತಹ ಗ್ರಾಮಗಳಲ್ಲಿ ಓದು ಮುಗಿಸಿ ಹೊರಡುವ ತರುಣರಿಗೆ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಸಾಫ್ಟ್‌ವೇರ್ ನಗರವಿದೆ. ಬ್ಯಾಂಕು, ವಿಮೆ ಮೊದಲಾದ ಬೃಹತ್ ಸಂಸ್ಥೆಗಳಿಗಾಗಿ ಜಾವಾ ಭಾಷೆಯಲ್ಲಿ ತಂತ್ರಾಂಶ ರಚಿಸುವುದು ಆ ನಗರಗಳ ಮುಖ್ಯ ಕಸುಬುಗಳಲ್ಲೊಂದು. ಆ ಕಸುಬಿಗೆ ಇಳಿಯುವವರು ಅದರ ಕಟ್ಟುಪಾಡುಗಳ ಮರ್ಮವನ್ನು ಅರಿಯುವುದು ಅವಶ್ಯ.

ಇಂತಹ ತಂತ್ರಾಂಶಗಳಿಗಾಗಿ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1998ರಲ್ಲಿ ಎಂಟರ್‌ಪ್ರೈಸ್ ಜಾವಾಬೀನ್ಸ್ ಎಂಬ ನಿಯಮಾವಳಿಯನ್ನು ಪ್ರಕಟಿಸಿತು. ವ್ಯವಹಾರದ ತರ್ಕವನ್ನಷ್ಟೇ ‘ಬೀನ್’ ಎಂಬ ಘಟಕದಲ್ಲಿ ಬರೆದು, ವಹಿವಾಟಿನ ಅಖಂಡತೆ, ಭದ್ರತೆ, ಸಹಸ್ರಾರು ಬಳಕೆದಾರರ ನಿರ್ವಹಣೆ ಇವೆಲ್ಲವನ್ನೂ ‘ಕಂಟೇನರ್’ ಎಂಬ ವ್ಯವಸ್ಥೆಗೆ ಒಪ್ಪಿಸುವುದು ಅದರ ತತ್ತ್ವ. ಪ್ರತಿಯಾಗಿ ಘಟಕವು ತಾನಾಗಿ ಥ್ರೆಡ್ (ಜೊತೆಜೊತೆಗೆ ನಡೆಯುವ ಪ್ರತ್ಯೇಕ ಕಾರ್ಯಧಾರೆ) ಆರಂಭಿಸಕೂಡದು. ಕಡತಗಳನ್ನು ನೇರವಾಗಿ ಓದಿ ಬರೆಯಕೂಡದು. ಬದಲಾಗತಕ್ಕ ಸ್ಟ್ಯಾಟಿಕ್ (ಎಲ್ಲ ಪ್ರತಿಗಳಿಗೂ ಸಾಮಾನ್ಯವಾದ) ಮೌಲ್ಯಗಳನ್ನು ಇರಿಸಿಕೊಳ್ಳಕೂಡದು. ಸಾಕೆಟ್ ಎಂಬ ಜಾಲಸಂಪರ್ಕದ ದ್ವಾರವನ್ನು ತೆರೆದು ಹೊರಗಿನ ಕರೆಗಳನ್ನು ಸ್ವೀಕರಿಸಕೂಡದು.

ಈ ನಿಷೇಧಗಳು ನಿಷ್ಕಾರಣವಲ್ಲ. ಅವಿಭಕ್ತ ಕುಟುಂಬದಲ್ಲಿ ಯಜಮಾನನಿಗೆ ತಿಳಿಯದಂತೆ ಒಬ್ಬನು ಸಾಲ ಮಾಡಿದರೆ ಮನೆಯ ಲೆಕ್ಕವೇ ತಪ್ಪುವಂತೆ, ಕಂಟೇನರಿಗೆ ಅರಿವಿಲ್ಲದೆ ಹುಟ್ಟಿದ ಥ್ರೆಡ್ಡಿಗೆ ಅದರ ವಹಿವಾಟಿನ ರಕ್ಷಣೆಯೂ ಇಲ್ಲ, ಭದ್ರತೆಯ ಗುರುತೂ ಇಲ್ಲ. ಒಂದೇ ಘಟಕವು ಹಲವು ಯಂತ್ರಗಳಲ್ಲಿ ನಡೆಯಬಹುದಾದುದರಿಂದ, ಒಂದರಲ್ಲಿ ಬರೆದಿಟ್ಟ ಕಡತವಾಗಲಿ ಸ್ಟ್ಯಾಟಿಕ್ ಮೌಲ್ಯವಾಗಲಿ ಮತ್ತೊಂದಕ್ಕೆ ಕಾಣದು.

ಆದರೂ ಕೆಲಸ ನಿಲ್ಲುವಂತಿರಲಿಲ್ಲ. ನಿಗದಿತ ವೇಳೆಗೆ ನಡೆಯಬೇಕಾದ ಕಾರ್ಯಕ್ಕೆ ಹೊರಗಿನ ಪ್ರೋಗ್ರಾಮಿನಿಂದ ಬೀನನ್ನು ಕರೆಸುವುದು, ಕಡತದ ಬದಲು ಡೇಟಾಬೇಸನ್ನು ಆಶ್ರಯಿಸುವುದು ಇಂತಹ ಉಪಾಯಗಳು ಬಳಕೆಗೆ ಬಂದವು. ಇಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಬಳಕೆದಾರರ ಅಗತ್ಯಗಳಿಗೆ ನಿಯಮಾವಳಿಯೇ ಕ್ರಮೇಣ ಓಗೊಟ್ಟಿತು: 2001ರ 2.0 ಆವೃತ್ತಿಯು ದೀರ್ಘ ಕಾರ್ಯಗಳನ್ನು ಸಂದೇಶಗಳ ಸರತಿಯ ಮೂಲಕ ನಡೆಸುವ ಬೀನನ್ನೂ, 2003ರ 2.1 ಟೈಮರ್ ಸೇವೆಯನ್ನೂ, 2009ರ 3.1 ಒಂದೇ ಪ್ರತಿಯಾಗಿರುವ ಸಿಂಗಲ್‌ಟನ್ ಬೀನನ್ನೂ ಕರೆದವನನ್ನು ಕಾಯಿಸದ ಕರೆಗಳನ್ನೂ ತಂದವು. ಈ ನಿಯಮಾವಳಿಯನ್ನು ಒಳಗೊಂಡ ಜಾವಾ ಇಇ ವೇದಿಕೆಯ 2013ರ 7ನೆಯ ಆವೃತ್ತಿಯು ಕಂಟೇನರಿನ ಹತೋಟಿಯಲ್ಲೇ ಥ್ರೆಡ್ ಪಡೆಯುವ ಮಾರ್ಗವನ್ನು ತೆರೆಯಿತು. ಬೀನ್ ಬರವಣಿಗೆಯ ಭಾರಕ್ಕೆ ಬೇಸತ್ತವರು 2004ರಲ್ಲಿ 1.0 ಆವೃತ್ತಿ ಕಂಡ ಸ್ಪ್ರಿಂಗ್ ಎಂಬ ಬೇರೊಂದು ಜಾವಾ ಚೌಕಟ್ಟಿನತ್ತ ಹೊರಳಿದಾಗ, 2006ರ 3.0 ಆವೃತ್ತಿಯು ಸರಳ ಜಾವಾ ವರ್ಗಗಳನ್ನೇ ಬೀನ್‌ಗಳೆಂದು ಅಂಗೀಕರಿಸಿತು.

ಆದುದರಿಂದ ಈ ವಿದ್ಯೆಯನ್ನು ಕಲಿಯುವ ತರುಣರು ಪ್ರತಿಯೊಂದು ನಿಷೇಧದ ಕಾರಣವನ್ನು ಮೊದಲು ತಿಳಿದು, ಅನಂತರವೇ ಉಪಾಯವನ್ನು ಅರಸಬೇಕು. ಕಾರಣವನ್ನು ಗೌರವಿಸುವ ಉಪಾಯವು ಬಾಳುತ್ತದೆ. ನಿಯಮದ ಕಣ್ಣು ತಪ್ಪಿಸುವುದನ್ನಷ್ಟೇ ಬಲ್ಲ ಉಪಾಯವು ಬಳಕೆದಾರರ ದಟ್ಟಣೆಯ ದಿನದಂದೇ ಕೈಕೊಡುತ್ತದೆ.